ಅಪರೂಪದ ಶಬ್ದ ಯಾರಿಗೆ ಅಪರೂಪ?

೨೦೧೭ರ ಮೇ ತಿಂಗಳಿನಲ್ಲಿ ಸಂಸದ ಶಶಿ ತರೂರರು ತಮ್ಮ ವಿರುದ್ಧ ಬಿತ್ತರವಾದ ಆರೋಪಗಳನ್ನು ಅಲ್ಲಗಳೆಯುತ್ತ ಟ್ವಿಟರಿನಲ್ಲಿ ಒಂದು ವಾಕ್ಯ ಬರೆದರು. ಆ ವಾಕ್ಯದಲ್ಲಿ ‘ಫರಾಗೊ’ ಎಂಬ ಶಬ್ದವಿದ್ದಿತು. ಆರೋಪವನ್ನೂ ಉತ್ತರವನ್ನೂ ಜನ ಬೇಗನೆ ಮರೆತರು. ಶಬ್ದವನ್ನು ಮಾತ್ರ ಮರೆಯಲಿಲ್ಲ. ಎಂದೂ ನಿಘಂಟನ್ನು ಮುಟ್ಟದವರೂ ಅಂದು ನಿಘಂಟಿನ ಬಾಗಿಲು ತಟ್ಟಿದರು. ಮರುವರ್ಷದ ಅಕ್ಟೋಬರಿನಲ್ಲಿ ತಮ್ಮ ಹೊಸ ಪುಸ್ತಕವನ್ನು ಪರಿಚಯಿಸುವಾಗ ಅವರೇ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್’ ಎಂಬ ಇಪ್ಪತ್ತೊಂಬತ್ತು ಅಕ್ಷರಗಳ ಶಬ್ದವನ್ನು ಪ್ರಯೋಗಿಸಿದಾಗ, ಅದರ ಅರ್ಥಕ್ಕಿಂತ ಅದರ ಉದ್ದವೇ ದೊಡ್ಡ ಸುದ್ದಿಯಾಯಿತು. ಅಂದಿನಿಂದ ಅಪರೂಪದ ಇಂಗ್ಲಿಷ್ ಶಬ್ದವೆಂಬುದು ನಮ್ಮ ಸುಶಿಕ್ಷಿತ ಸಮಾಜದಲ್ಲಿ ಒಂದು ವಿನೋದದ ವಸ್ತುವಾಗಿ ನೆಲೆಗೊಂಡಿದೆ.

ಆದರೆ ಈ ವಿನೋದ ಎಲ್ಲರ ಪಾಲಿಗೂ ಒಂದೇ ಬಗೆಯದಲ್ಲ. ರೋಣ ತಾಲೂಕಿನ ಅಬ್ಬಿಗೇರಿಯಂಥ ಊರಿನ ಕನ್ನಡ ಶಾಲೆಯಲ್ಲಿ ಓದಿ, ಮುಂದೆ ಗದಗಿನಲ್ಲಿ ಕಾಲೇಜು ಮುಗಿಸಿ, ಸ್ಪರ್ಧಾ ಪರೀಕ್ಷೆಯ ಸಿದ್ಧತೆಗೆಂದು ಧಾರವಾಡದಲ್ಲಿ ಕೋಣೆ ಹಿಡಿಯುವ ತರುಣನಿಗೆ ಇಂಥ ಶಬ್ದಗಳು ನಗುವಿನ ಸಾಮಗ್ರಿಯಲ್ಲ. ಆತನ ಮೇಜಿನ ಮೇಲೆ ‘ಕಠಿಣ ಶಬ್ದಗಳ’ ಪಟ್ಟಿಯಿರುತ್ತದೆ. ಎಡಗಡೆಗೆ ಶಬ್ದ, ಬಲಗಡೆಗೆ ಅರ್ಥ. ಎರಡರ ನಡುವೆ ಒಂದು ಗೀಟು. ಶಬ್ದ ಎಲ್ಲಿಂದ ಬಂದಿತು, ಆ ಅರ್ಥ ಅದಕ್ಕೆ ಹೇಗೆ ಅಂಟಿತು ಎಂಬುದನ್ನು ಆ ಗೀಟು ಹೇಳುವುದಿಲ್ಲ. ಮಂತ್ರದಂತೆ ಅದನ್ನು ಬಾಯಿಪಾಠ ಮಾಡಬೇಕು; ಪರೀಕ್ಷೆ ಮುಗಿದೊಡನೆ ಮರೆಯಬೇಕು. ತನಗೂ ತನ್ನ ಮನೆತನಕ್ಕೂ ಸಂಬಂಧವಿಲ್ಲದ ಯಾವುದೋ ಮೇಲಿನ ಲೋಕದ ಮಾತುಗಳಿವು ಎಂಬ ಭಾವನೆ ಅವನಲ್ಲಿ ಬೇರೂರುತ್ತದೆ. ಈ ಭಾವನೆಗೆ ಆಧಾರವಿದೆಯೆ ಎಂಬುದನ್ನು ಪರೀಕ್ಷಿಸುವುದೇ ಈ ಬರಹದ ಉದ್ದೇಶ.

*

ಮೊದಲು ‘ಅಪರೂಪ’ ಎಂಬ ಮಾತನ್ನೇ ವಿಚಾರಿಸೋಣ. ಇಂಗ್ಲಿಷಿನ ಮಹಾನಿಘಂಟಾದ ಆಕ್ಸ್‌ಫರ್ಡ್ ನಿಘಂಟಿನ ಮೊದಲ ಆವೃತ್ತಿ ೧೮೮೪ರಿಂದ ೧೯೨೮ರವರೆಗೆ ಭಾಗ ಭಾಗವಾಗಿ ಪ್ರಕಟವಾಯಿತು. ಅದರ ಸಂಪಾದಕರು ಶಬ್ದದ ಮುಂದೆ ‘ವಿರಳ’ ಎಂದು ಬರೆದು ಸುಮ್ಮನಾಗಲಿಲ್ಲ. ವಿರಳತೆಗೂ ಅಳತೆಯನ್ನು ಕಲ್ಪಿಸಿದರು. ಯಾವ ಶಬ್ದಕ್ಕೆ ಒಂದೇ ಒಂದು ಪ್ರಯೋಗ ಸಿಕ್ಕಿತೊ ಅದಕ್ಕೆ ಒಂದು ಗುರುತು. ಯಾವ ಶಬ್ದ ಹಿಂದಿನ ನಿಘಂಟುಗಳಲ್ಲಿ ಮಾತ್ರ ಕಂಡು, ಬಳಸಿದವರು ಯಾರೂ ಸಿಗಲಿಲ್ಲವೊ ಅದಕ್ಕೆ ಸೊನ್ನೆಯ ಗುರುತು. ಹೀಗೆ ಸೊನ್ನೆಯ ಗುರುತು ಹೊತ್ತ ಶಬ್ದಗಳು ಬೇಕಾದಷ್ಟಿವೆ. ಅವು ನಿಘಂಟಿನಿಂದ ನಿಘಂಟಿಗೆ ಪ್ರಯಾಣ ಮಾಡಿದವೇ ಹೊರತು ಮನುಷ್ಯನ ನಾಲಗೆಯ ಮೇಲೆ ಒಂದು ದಿನವೂ ವಾಸ ಮಾಡಿದವಲ್ಲ.

ಇದಕ್ಕಿಂತ ವಿಚಿತ್ರವಾದುದು ‘ಪಿಶಾಚ ಶಬ್ದ’ಗಳ ಕಥೆ. ಆ ಹೆಸರನ್ನು ೧೮೮೬ರಲ್ಲಿ ವಾಲ್ಟರ್ ಸ್ಕೀಟ್ ಎಂಬ ಭಾಷಾಪಂಡಿತರು ಇಟ್ಟರು. ಓದಿನ ತಪ್ಪಿನಿಂದಲೋ ಮುದ್ರಣದ ಪ್ರಮಾದದಿಂದಲೋ ಹುಟ್ಟಿ, ಎಂದೂ ಬದುಕದೆಯೇ ನಿಘಂಟಿನಲ್ಲಿ ಸುಳಿದಾಡುವ ಶಬ್ದಗಳಿವು. ಅಮೆರಿಕದ ವೆಬ್‌ಸ್ಟರ್ ನಿಘಂಟಿನ ೧೯೩೪ರ ಆವೃತ್ತಿಯಲ್ಲಿ ‘ಡಾರ್ಡ್’ ಎಂಬ ಶಬ್ದ ಸೇರಿಕೊಂಡಿತ್ತು. ಸಾಂದ್ರತೆ ಎಂದು ಅದಕ್ಕೆ ಅರ್ಥವನ್ನೂ ಕೊಟ್ಟಿದ್ದರು. ಸಾಂದ್ರತೆಗೆ ದೊಡ್ಡ ‘ಡಿ’ ಅಥವಾ ಸಣ್ಣ ‘ಡಿ’ ಸಂಕ್ಷೇಪವೆಂದು ಒಂದು ಚೀಟಿಯಲ್ಲಿ ಬರೆದುದನ್ನು ಯಾರೋ ಒಂದೇ ಶಬ್ದವಾಗಿ ಕೂಡಿಸಿ ಓದಿದ್ದರು. ಐದು ವರ್ಷಗಳ ಮೇಲೆ, ೧೯೩೯ರಲ್ಲಿ, ಈ ಶಬ್ದಕ್ಕೆ ವ್ಯುತ್ಪತ್ತಿಯೇ ಇಲ್ಲವಲ್ಲ ಎಂದು ಸಂಪಾದಕರೊಬ್ಬರು ಗಮನಿಸಿದಾಗ ಗುಟ್ಟು ಬಯಲಾಯಿತು. ಊರು ಯಾವುದೆಂದು ಕೇಳಿದಾಗ ಉತ್ತರಿಸಲಾರದ ಪಿಶಾಚಿ ಹೀಗೆ ಸಿಕ್ಕಿಬಿದ್ದಿತು.

ಈ ಎರಡು ಸಂಗತಿಗಳಿಂದ ಸ್ಪಷ್ಟವಾಗುವುದೇನು? ಅಪರೂಪವೆಂಬುದು ಶಬ್ದದ ಹುಟ್ಟುಗುಣವಲ್ಲ. ಅದು ಶಬ್ದಕ್ಕೂ ಅದನ್ನು ಕೇಳುವವನಿಗೂ ನಡುವೆ ಇರುವ ದೂರದ ಲೆಕ್ಕ. ಆ ದೂರವನ್ನು ನಡೆದು ಮುಗಿಸುವ ದಾರಿಗೆ ವ್ಯುತ್ಪತ್ತಿ ಎಂದು ಹೆಸರು.

*

ಅಬ್ಬಿಗೇರಿಯ ಸುತ್ತಲಿನದು ಎರೆಯ ಸೀಮೆ. ಮಳೆ ಬಿದ್ದರೆ ಕಾಲಿಗೆ ಅಂಟುವ, ಬಿಸಿಲು ಬಿದ್ದರೆ ಬಾಯಿಬಿಡುವ ಕರಿಮಣ್ಣು. ಹಿಂಗಾರಿ ಜೋಳ, ಕಡಲೆ, ಕುಸುಬೆ, ಹತ್ತಿ ಇವು ಈ ನೆಲದ ಬೆಳೆಗಳು. ಈ ಹೊಲಗಳ ಬದುವಿನ ಮೇಲೆ ನಿಂತು ಕಠಿಣ ಶಬ್ದಗಳ ಪಟ್ಟಿಯನ್ನು ಓದಿದರೆ ಏನಾಗುತ್ತದೆಂಬುದನ್ನು ನೋಡೋಣ.

‘ಫರಾಗೊ’ದಿಂದಲೇ ತೊಡಗಬಹುದು. ಇಂದು ಅದಕ್ಕೆ ಕಲಸುಮೇಲೋಗರ, ಗೊಂದಲದ ರಾಶಿ ಎಂದು ಅರ್ಥ. ಲ್ಯಾಟಿನ್ ಭಾಷೆಯಲ್ಲಿ ‘ಫಾರ್’ ಎಂದರೆ ಗೋದಿಯ ಜಾತಿಯ ಒಂದು ಧಾನ್ಯ; ‘ಫರಾಗೊ’ ಎಂದರೆ ದನಗಳಿಗಾಗಿ ಹಲವು ಕಾಳುಗಳನ್ನು ಬೆರೆಸಿ ಬಿತ್ತಿ ಬೆಳೆದ ಮಿಶ್ರ ಮೇವು. ರೋಮಿನ ವಿಡಂಬನ ಕವಿ ಜುವೆನಾಲ್ ತನ್ನ ಕಾವ್ಯದ ವಸ್ತು ಇಂಥ ಬೆರಕೆ ಮೇವು ಎಂದು ತಾನೇ ಹಾಸ್ಯ ಮಾಡಿಕೊಂಡನು. ಜೋಳದ ನಡುವೆ ಅಕ್ಕಡಿ ಹಾಕಿ ಹಲವು ಕಾಳು ಬೆಳೆಯುವ ಒಕ್ಕಲಿಗನಿಗೆ ಈ ಕಲ್ಪನೆಯನ್ನು ವಿವರಿಸಬೇಕಾಗಿಲ್ಲ. ದಿಲ್ಲಿಯ ಮೇಧಾವಿಗಳನ್ನು ನಿಘಂಟಿನತ್ತ ಓಡಿಸಿದ ಶಬ್ದ ಎತ್ತಿನ ಗೋದಲಿಯಿಂದ ಎದ್ದು ಬಂದುದು.

ಉಳುಮೆಯ ಮಾತಿಗೆ ಬರೋಣ. ‘ಡಿಲಿರಿಯಮ್’ ಎಂದರೆ ಸನ್ನಿಪಾತ, ಚಿತ್ತಭ್ರಮೆಯ ಬಡಬಡಿಕೆ. ವೈದ್ಯರ ಬಾಯಲ್ಲಿ ಅದು ಎಷ್ಟು ಗಂಭೀರವಾಗಿ ಕೇಳುತ್ತದೆ! ಲ್ಯಾಟಿನ್ನಿನಲ್ಲಿ ‘ಲೀರಾ’ ಎಂದರೆ ಉತ್ತ ನೆಲದ ಸಾಲು. ಅದಕ್ಕೆ ‘ಡಿ’ ಸೇರಿದರೆ ಸಾಲು ಬಿಟ್ಟು ಹೋದದ್ದು ಎಂದಾಯಿತು. ಗಳೆ ಸಾಲು ತಪ್ಪಿದಂತೆ ಬುದ್ಧಿ ಸಾಲು ತಪ್ಪಿತು, ಅದೇ ಡಿಲಿರಿಯಮ್. ಇದಕ್ಕೆ ಜೊತೆಯಾದ ಇನ್ನೊಂದು ಶಬ್ದ ‘ಪ್ರಿವ್ಯಾರಿಕೇಟ್’: ನೇರವಾಗಿ ಉತ್ತರ ಹೇಳದೆ ನುಣುಚಿಕೊಳ್ಳುವುದು, ಮಾತನ್ನು ಸೊಟ್ಟ ಮಾಡುವುದು. ಕ್ರಿಸ್ತಶಕ ಮೊದಲನೆಯ ಶತಮಾನದ ಪ್ಲಿನಿ ಬೇಸಾಯವನ್ನು ಕುರಿತು ಬರೆಯುವಾಗ, ಬೆನ್ನು ಬಗ್ಗಿಸದ ಉಳುವವನು ಸಾಲನ್ನು ಸೊಟ್ಟ ಎಳೆಯುತ್ತಾನೆಂದು ಹೇಳಲು ಇದೇ ಕ್ರಿಯಾಪದವನ್ನು ಬಳಸಿದ್ದಾನೆ. ಹೊಲದ ಈ ಅಪರಾಧವೇ ಮುಂದೆ ನ್ಯಾಯಸ್ಥಾನದ ಅಪರಾಧಕ್ಕೆ ಹೆಸರಾಯಿತೆಂದೂ ಸೇರಿಸಿದ್ದಾನೆ. ಎದುರು ಪಕ್ಷದೊಡನೆ ಒಳಗೊಳಗೇ ಕೈಜೋಡಿಸುವ ವಕೀಲನ ದ್ರೋಹವನ್ನು ರೋಮನರು ಈ ಶಬ್ದದಿಂದ ಕರೆಯುತ್ತಿದ್ದರು.

ಸಾಲು ಮುಗಿದಾಗ ಎತ್ತು ತಿರುಗಬೇಕಷ್ಟೆ. ಗ್ರೀಕರ ಪ್ರಾಚೀನ ಶಾಸನಗಳಲ್ಲಿ ಒಂದು ಸಾಲನ್ನು ಎಡದಿಂದ ಬಲಕ್ಕೂ ಮುಂದಿನದನ್ನು ಬಲದಿಂದ ಎಡಕ್ಕೂ ಬರೆಯುವ ಪದ್ಧತಿಯಿದ್ದಿತು. ಅದಕ್ಕೆ ‘ಬೂಸ್ಟ್ರೊಫೀಡನ್’ ಎಂದು ಹೆಸರು. ಪಟ್ಟಿಯಲ್ಲಿ ಇದನ್ನು ಕಂಡರೆ ಎದೆ ನಡುಗುತ್ತದೆ. ಆದರೆ ಬಿಡಿಸಿ ನೋಡಿದರೆ ಅದರಲ್ಲಿರುವುದು ಎತ್ತು ಮತ್ತು ತಿರುವು, ಎರಡೇ. ಎತ್ತು ಹೊಲದ ತುದಿ ಮುಟ್ಟಿ ಹೊರಳುವ ಹಾಗೆ ಅಕ್ಷರಗಳು ಹೊರಳುತ್ತವೆ ಎಂದರ್ಥ. ಇದನ್ನು ನೋಡಲು ಗ್ರೀಸಿಗೆ ಹೋಗಬೇಕಾದುದೂ ಇಲ್ಲ. ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿರುವ ಅಶೋಕನ ಕಿರುಶಾಸನದ ಹಲವು ಸಾಲುಗಳು ಹೀಗೆಯೇ ಹಿಂದುಮುಂದಾಗಿ ಸಾಗುತ್ತವೆ. ಅದೇ ಕಿರುಶಾಸನದ ಪಾಠಗಳು ರೋಣಕ್ಕೆ ನೆರೆಯದಾದ ಕೊಪ್ಪಳದ ಗವಿಮಠದ ಗುಡ್ಡದಲ್ಲೂ ಪಾಲ್ಕಿಗುಂಡಿನಲ್ಲೂ ಉಂಟು.

ಕವಿತೆಗೆ ಇಂಗ್ಲಿಷಿನಲ್ಲಿ ‘ವರ್ಸ್’ ಎನ್ನುತ್ತಾರೆ. ಅದರ ಲ್ಯಾಟಿನ್ ಮೂಲಕ್ಕೆ ತಿರುವು, ನೇಗಿಲ ಸಾಲು, ಬರಹದ ಸಾಲು ಎಂಬ ಅರ್ಥಗಳಿವೆ. ಇಲ್ಲಿ ಕನ್ನಡಿಗನು ಒಂದು ಕ್ಷಣ ನಿಲ್ಲಬೇಕು. ನಾವೂ ಹೊಲದಲ್ಲಿ ಹೂಡುವುದನ್ನು ಸಾಲು ಎನ್ನುತ್ತೇವೆ. ಪದ್ಯದಲ್ಲಿ ಓದುವುದನ್ನೂ ಸಾಲು ಎನ್ನುತ್ತೇವೆ. ರೋಮಿನ ಒಕ್ಕಲಿಗನಿಂದ ಇದನ್ನು ನಾವು ಕಲಿಯಲಿಲ್ಲ. ಅವನಿಗೆ ಹೊಳೆದುದು ನಮ್ಮ ಹಿರಿಯರಿಗೂ ಹೊಳೆಯಿತು. ನೆಲ ಒಂದೇ ಬಗೆಯ ಪಾಠವನ್ನು ಇಬ್ಬರಿಗೂ ಹೇಳಿತ್ತು.

ಸುಗ್ಗಿಯ ಮಾತೂ ಹೀಗೆಯೇ. ‘ಟ್ರಿಬ್ಯುಲೇಶನ್’ ಎಂದರೆ ಕಡುಕಷ್ಟ. ‘ಟ್ರಿಬ್ಯುಲಮ್’ ಎಂಬುದು ತಳಕ್ಕೆ ಚೂಪುಗಲ್ಲು ಅಥವಾ ಕಬ್ಬಿಣದ ಹಲ್ಲು ಬಡಿದು, ತೆನೆಗಳ ಮೇಲೆ ಎತ್ತುಗಳಿಂದ ಎಳೆಸುತ್ತಿದ್ದ ಹಲಗೆ. ಕಾಳು ಹೊಟ್ಟಿನಿಂದ ಬೇರೆಯಾಗುವ ತನಕ ತೆನೆ ಪಡುವ ಪಾಡನ್ನೇ ಮನುಷ್ಯನ ಪಾಡಿಗೆ ಹೋಲಿಸಿದರು. ಯುದ್ಧದ ಅಥವಾ ನೆರೆಯ ಅನಂತರದ ಪರಿಣಾಮವನ್ನು ಇಂಗ್ಲಿಷ್ ಪತ್ರಿಕೆಗಳು ‘ಆಫ್ಟರ್‌ಮ್ಯಾತ್’ ಎನ್ನುತ್ತವೆ. ‘ಮ್ಯಾತ್’ ಎಂದರೆ ಹುಲ್ಲಿನ ಕೊಯ್ಲು; ಮೊದಲ ಕೊಯ್ಲಿನ ಮೇಲೆ ಮತ್ತೆ ಚಿಗುರಿ ಬರುವ ಹುಲ್ಲಿಗೆ ಆ ಶಬ್ದವಿದ್ದಿತು. ನಮ್ಮವರು ಕೊಯ್ದ ಬುಡದಿಂದ ಮರಳಿ ಬರುವ ಬೆಳೆಯನ್ನು ಕೂಳೆ ಎನ್ನುತ್ತಾರೆ. ‘ಎಗ್ರೀಜಿಯಸ್’ ಎಂದರೆ ಹಿಂಡಿನಿಂದ ಹೊರಗೆ ನಿಂತದ್ದು. ಮೊದಲು ಅದು ಹೊಗಳಿಕೆ. ಹಿಂಡಿನಲ್ಲಿ ಎದ್ದು ಕಾಣುವ ಟಗರಿನಂತೆ ಶ್ರೇಷ್ಠನಾದವನು ಎಂದು. ವ್ಯಂಗ್ಯವಾಗಿ ಬಳಸಿ ಬಳಸಿ ಅದು ಬೈಗುಳವಾಯಿತು. ‘ಪೆಕ್ಯೂಲಿಯರ್’, ಅಂದರೆ ವಿಲಕ್ಷಣ ಎಂಬ ಶಬ್ದವೂ ದನಕರುಗಳೇ ಸಂಪತ್ತಾಗಿದ್ದ ಕಾಲದ್ದು. ಒಬ್ಬನಿಗೆ ಸ್ವಂತವಾದದ್ದು ಎಂಬಲ್ಲಿಂದ ಅವನೊಬ್ಬನಲ್ಲಿ ಮಾತ್ರ ಕಾಣುವುದು ಎಂಬಲ್ಲಿಗೆ ಅದು ನಡೆದು ಬಂದಿತು.

ಇನ್ನು ಆ ಇಪ್ಪತ್ತೊಂಬತ್ತು ಅಕ್ಷರಗಳ ರಾಕ್ಷಸ. ಈಟನ್ ಶಾಲೆಯ ಲ್ಯಾಟಿನ್ ವ್ಯಾಕರಣದಲ್ಲಿ ‘ಬೆಲೆಯಿಲ್ಲದ್ದು’ ಎಂದು ಹೇಳಲು ಬಳಸುವ ನಾಲ್ಕು ಪದಗಳ ಪಟ್ಟಿಯಿದ್ದಿತು. ಅವನ್ನು ಸಾಲಾಗಿ ಪೋಣಿಸಿ ವಿನೋದಕ್ಕೆ ಕಟ್ಟಿದ ಶಬ್ದವಿದು. ೧೭೪೧ರಲ್ಲಿ ವಿಲಿಯಮ್ ಶೆನ್‌ಸ್ಟನ್ ಎಂಬ ಕವಿ ಬರೆದ ಪತ್ರದಲ್ಲಿ ಇದು ಸಿಗುತ್ತದೆ. ಮೊದಲ ತುಂಡಾದ ‘ಫ್ಲಾಕಸ್’ ಎಂದರೆ ಉಣ್ಣೆಯ ಒಂದು ಎಸಳು. ಕೊನೆಯ ‘ಪೈಲಸ್’ ಎಂದರೆ ಒಂದು ಕೂದಲು. ಹಗುರವೆಂಬುದಕ್ಕೆ ಗಾಳಿಗೆ ಹಾರುವ ಅರಳೆಯನ್ನು ನೆನೆಯುವವರು ಗದಗಿನ ಹತ್ತಿಯ ಸೀಮೆಯಲ್ಲಿ ಎಷ್ಟು ಜನರಿಲ್ಲ!

*

ದೂರದ ಭಾಷೆ ನಮ್ಮ ಹೊಲಕ್ಕೆ ಹತ್ತಿರವೆಂಬುದು ಒಂದು ಸಂಗತಿ. ನಮ್ಮ ಹೊಲದ ಹೆಸರುಗಳೇ ದೂರಕ್ಕೆ ಹೋಗಿ ಅಲ್ಲಿ ಅಪರೂಪದ ಶಬ್ದಗಳಾಗಿ ಕುಳಿತಿರುವುದು ಮತ್ತೊಂದು ಸಂಗತಿ.

ಕರಿಮಣ್ಣಿಗೆ ಇಂಗ್ಲಿಷಿನ ಭೂವಿಜ್ಞಾನ ಗ್ರಂಥಗಳಲ್ಲಿ ‘ರೆಗರ್’ ಎಂಬ ಹೆಸರಿದೆ. ತೆಲುಗಿನ ರೇಗಡಿಯೊಡನೆ ಪಂಡಿತರು ಅದನ್ನು ಜೋಡಿಸುತ್ತಾರೆ. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಇವರು ಹಿಂದುಸ್ತಾನದ ಆಂಗ್ಲರ ಮಾತುಗಳನ್ನು ಕೂಡಿಸಿ ೧೮೮೬ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’ ಎಂಬ ಪ್ರಸಿದ್ಧ ಕೋಶದಲ್ಲಿ ಈ ಶಬ್ದಕ್ಕೆ ಸ್ಥಾನವಿದೆ. ಇಂಗ್ಲಂಡಿನ ಸಾಮಾನ್ಯ ಓದುಗನಿಗೆ ರೆಗರ್ ಎಂದರೆ ಏನೆಂದು ತಿಳಿಯದು. ಅಬ್ಬಿಗೇರಿಯ ಮಗುವಿಗೆ ಅದು ಅಂಗಾಲಿಗೆ ಅಂಟಿದ ಎರೆ.

ಹತ್ತೊಂಬತ್ತನೆಯ ಶತಮಾನದ ಲಿವರ್‌ಪೂಲಿನ ಹತ್ತಿಯ ಪೇಟೆಯಲ್ಲಿ ‘ಕುಮ್ಟಾ’ ಎಂದರೆ ಒಂದು ಜಾತಿಯ ಹತ್ತಿ. ಅದು ಬೆಳೆಯುತ್ತಿದ್ದುದು ಧಾರವಾಡ ಜಿಲ್ಲೆಯ ಎರೆಹೊಲಗಳಲ್ಲಿ. ಅಬ್ಬಿಗೇರಿಯೂ ಆಗ ಆ ಜಿಲ್ಲೆಗೇ ಸೇರಿತ್ತು. ಗದಗ ಪ್ರತ್ಯೇಕ ಜಿಲ್ಲೆಯಾದುದು ೧೯೯೭ರಲ್ಲಿ. ಘಟ್ಟವಿಳಿದು ಕುಮಟೆಯ ಬಂದರಿನಲ್ಲಿ ಹಡಗು ಹತ್ತಿದ ಕಾರಣ, ಬೆಳೆದ ಊರಿನ ಹೆಸರು ಅಳಿದು ಬಂದರಿನ ಹೆಸರು ಉಳಿಯಿತು. ೧೮೪೦ರ ದಶಕದಲ್ಲಿ ಸರಕಾರ ತರಿಸಿದ ಅಮೆರಿಕದ ಬೀಜ ಇದೇ ನೆಲದಲ್ಲಿ ಬೇರುಬಿಟ್ಟಾಗ ಅದಕ್ಕೆ ‘ಧಾರವಾರ್-ಅಮೆರಿಕನ್’ ಎಂಬ ಹೆಸರಾಯಿತು. ೧೮೬೧ರಿಂದ ೧೮೬೫ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದು ಲ್ಯಾಂಕಾಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದಾಗ, ಈ ಹೆಸರುಗಳನ್ನು ಇಂಗ್ಲಿಷ್ ವ್ಯಾಪಾರಿಗಳು ಬಾಯಿಪಾಠ ಮಾಡಿದರು. ಮುಂದೆ ೧೮೮೦ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಪ್ರದೇಶದ ಪುರಾತನ ಶಿಲೆಗಳಿಗೆ ಧಾರವಾಡದ ಹೆಸರನ್ನೇ ಇಟ್ಟರು. ಇಂದು ಜಗತ್ತಿನ ಯಾವ ಭೂವಿಜ್ಞಾನ ವಿಭಾಗಕ್ಕೆ ಹೋದರೂ ‘ಧಾರವಾರ್ ಕ್ರೇಟಾನ್’ ಎಂಬ ಮಾತು ಕೇಳಿಬರುತ್ತದೆ. ಅಲ್ಲಿಯ ವಿದ್ಯಾರ್ಥಿಗೆ ಅದು ಕಠಿಣ ಶಬ್ದ.

ಇಂಥದೇ ಇನ್ನೊಂದು ಪ್ರಸಂಗ ಅಮೆರಿಕದ ರಾಷ್ಟ್ರೀಯ ಕಾಗುಣಿತ ಸ್ಪರ್ಧೆಯದು. ೧೯೨೫ರಲ್ಲಿ ಆರಂಭವಾದ ಈ ಸ್ಪರ್ಧೆ ೨೦೨೫ರಲ್ಲಿ ನೂರು ವರ್ಷ ಕಂಡಿತು. ಭಾರತೀಯ ಮೂಲದ ಮಕ್ಕಳು ಅದರಲ್ಲಿ ಮೇಲುಗೈ ಪಡೆದಿರುವುದು ಎಲ್ಲರೂ ಬಲ್ಲ ವಿಷಯ. ೨೦೧೯ರಲ್ಲಿ ಎಂಟು ಮಕ್ಕಳು ಒಟ್ಟಿಗೆ ಗೆದ್ದಾಗ ಅವರಲ್ಲಿ ಏಳು ಜನ ಭಾರತೀಯ ಮೂಲದವರು. ೨೦೨೧ರಲ್ಲಿ ಲೂಯಿಸಿಯಾನಾದ ಬಾಲಕಿಯೊಬ್ಬಳಿಗೆ ಪ್ರಶಸ್ತಿ ತಂದ ಕೊನೆಯ ಶಬ್ದ ‘ಮರಾಯ’. ಮರೇ ಎಂಬ ಸಸ್ಯಶಾಸ್ತ್ರಜ್ಞರ ಹೆಸರಿನಿಂದ ಒಂದು ಸಸ್ಯಕುಲಕ್ಕೆ ಬಂದ ಹೆಸರದು. ಇತ್ತೀಚೆಗೆ ಬೇರೆ ಕುಲಕ್ಕೆ ಸೇರಿಸಿದವರಿದ್ದರೂ, ಬಹುಕಾಲ ಈ ಕುಲದಲ್ಲಿದ್ದ ಗಿಡವೊಂದನ್ನು ನಾವೆಲ್ಲ ಬಲ್ಲೆವು. ನಮ್ಮ ಒಗ್ಗರಣೆಯ ಕರಿಬೇವು ಅದು.

*

ಆ ಸ್ಪರ್ಧೆಯ ಒಂದು ನಿಯಮ ನಮ್ಮ ಶಿಕ್ಷಕರ ಗಮನಕ್ಕೆ ಅರ್ಹವಾಗಿದೆ. ಶಬ್ದ ಕೇಳಿದ ಮಗು ತಕ್ಷಣ ಅಕ್ಷರಗಳನ್ನು ಒದರಬೇಕಾಗಿಲ್ಲ. ‘ಇದರ ಅರ್ಥವೇನು? ಇದು ಯಾವ ಭಾಷೆಯಿಂದ ಬಂದಿತು?’ ಎಂದು ಕೇಳುವ ಹಕ್ಕು ಅದಕ್ಕಿದೆ. ಗ್ರೀಕ್ ಎಂದರೆ ಅಕ್ಷರಗಳು ಒಂದು ಬಗೆಯಾಗಿ ಕೂಡುತ್ತವೆ, ಫ್ರೆಂಚ್ ಎಂದರೆ ಇನ್ನೊಂದು ಬಗೆ. ಮೊದಲೆಂದೂ ಕೇಳದ ಶಬ್ದವನ್ನು ಸಹ ಅದರ ಊರು ಕೇಳಿ ಗುರುತಿಸುವ ವಿದ್ಯೆ ಇದು. ನಮ್ಮ ತರಗತಿಗಳಲ್ಲಿ ಈ ಪ್ರಶ್ನೆಯನ್ನು ಕೇಳುವ ವಿದ್ಯಾರ್ಥಿಯೂ ವಿರಳ, ಕೇಳಲು ಬಿಡುವಷ್ಟು ಪುರಸೊತ್ತಿರುವ ಶಿಕ್ಷಕರೂ ವಿರಳ.

ಕರ್ನಾಟಕದಲ್ಲಿ ಇಂಗ್ಲಿಷಿನ ಬಗ್ಗೆ ನಡೆದಷ್ಟು ವಾದ ಬೇರೆ ಯಾವ ಶೈಕ್ಷಣಿಕ ವಿಷಯಕ್ಕೂ ನಡೆದಿಲ್ಲವೆನ್ನಬಹುದು. ೨೦೦೭-೦೮ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸತೊಡಗಿದರು. ೨೦೧೪ರ ಮೇ ೬ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಮಾತೃಭಾಷೆಯನ್ನೇ ಶಿಕ್ಷಣ ಮಾಧ್ಯಮವನ್ನಾಗಿ ಸರಕಾರ ಕಡ್ಡಾಯ ಮಾಡುವಂತಿಲ್ಲವೆಂದು ತೀರ್ಪಿತ್ತಿತು. ೨೦೧೯ರ ಶೈಕ್ಷಣಿಕ ವರ್ಷದಲ್ಲಿ ೧,೦೦೦ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳು ತೆರೆದವು. ೨೦೨೫ರ ಆಗಸ್ಟಿನಲ್ಲಿ ಪ್ರೊ. ಸುಖದೇವ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು ತನ್ನ ವರದಿಯಲ್ಲಿ ಐದನೆಯ ತರಗತಿಯ ವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಿರಬೇಕೆಂದು ಶಿಫಾರಸು ಮಾಡಿತು. ವಾದಗಳೆಲ್ಲ ಯಾವ ಮಾಧ್ಯಮ, ಯಾವ ತರಗತಿಯಿಂದ ಎಂಬಲ್ಲಿಗೆ ನಿಲ್ಲುತ್ತವೆ. ಇಂಗ್ಲಿಷ್ ಬೇಕೆನ್ನುವ ತಂದೆತಾಯಿಗಳ ಹಂಬಲ ನ್ಯಾಯವಾದುದು. ಅನ್ನದ ದಾರಿಯನ್ನು ಯಾರೂ ಹಳಿಯುವಂತಿಲ್ಲ. ಕನ್ನಡ ಉಳಿಯಬೇಕೆನ್ನುವವರ ಕಳವಳವೂ ನ್ಯಾಯವಾದುದೇ. ಆದರೆ ಎರಡೂ ಪಕ್ಷದವರು ಕೇಳದೆ ಬಿಟ್ಟಿರುವ ಪ್ರಶ್ನೆಯೊಂದಿದೆ: ಮಗು ಶಾಲೆಗೆ ಬರುವಾಗ ಮನೆಯಿಂದ ತರುವ ಶಬ್ದಸಂಪತ್ತನ್ನು ನಾವು ಏನು ಮಾಡುತ್ತಿದ್ದೇವೆ? ಫರಾಗೊವನ್ನು ಮಂತ್ರವಾಗಿ ಕಲಿಸುವ ಶಾಲೆ ಅಕ್ಕಡಿಯನ್ನು ಹಳ್ಳಿಮಾತೆಂದು ಹೊರಗಿಡುತ್ತದೆ. ಹೀಗಾಗಿ ಹುಡುಗನ ಕೈಗೆ ಇಂಗ್ಲಿಷಿನ ಬೇರೂ ದಕ್ಕುವುದಿಲ್ಲ. ತನ್ನ ಭಾಷೆಯ ಬೇರೂ ಉಳಿಯುವುದಿಲ್ಲ.

*

ಈ ಮಾತನ್ನು ಕೇವಲ ಭಾವುಕತೆಯೆಂದು ತಳ್ಳಿಹಾಕುವಂತಿಲ್ಲ. ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿ ತಿರುಳ್ಗನ್ನಡದ ನೆಲವನ್ನು ಗುರುತಿಸುವಾಗ ನಾಲ್ಕು ಊರುಗಳನ್ನು ಹೇಳಿತು: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ನಕಾಶೆಯ ಮೇಲೆ ಈ ನಾಲ್ಕನ್ನೂ ಗೀಟಿನಿಂದ ಕೂಡಿಸಿದರೆ ಅಬ್ಬಿಗೇರಿ ಅದರ ಒಳಗೇ ಬರುತ್ತದೆ. ಯಾವ ನೆಲದ ನುಡಿಯನ್ನು ಸಾವಿರದ ನೂರು ವರ್ಷಗಳ ಹಿಂದೆ ಕನ್ನಡದ ತಿರುಳೆಂದು ಎಣಿಸಿದ್ದರೋ ಅದೇ ನೆಲದ ಒಕ್ಕಲುತನದ ನುಡಿ ಇಂದು ಪಠ್ಯಪುಸ್ತಕದ ಮಟ್ಟಿಗೆ ಸಿಪ್ಪೆಯಾಗಿದೆ.

ಕಾಲವೂ ಇದಕ್ಕೆ ಸಹಾಯ ಮಾಡಿದೆ. ಟ್ರ್ಯಾಕ್ಟರು ಬಂದ ಹೊಲದಲ್ಲಿ ರಂಟೆಗೆ ಕೆಲಸವಿಲ್ಲ. ಕೂರಿಗೆಯೊಂದಿಗೆ ಅದರ ತಾಳು, ದಿಂಡು, ಈಸು, ಬಟ್ಟಲುಗಳ ಹೆಸರುಗಳೂ ಅಟ್ಟ ಸೇರುತ್ತವೆ. ರಾಶಿಯ ಯಂತ್ರ ಬಂದಮೇಲೆ ಹಂತಿ ಕಟ್ಟುವುದಿಲ್ಲ. ಹಂತಿ ಇಲ್ಲದೆ ಹಂತಿಯ ಹಾಡೂ ಇಲ್ಲ. ನೆಲದೊಳಗೆ ಜೋಳ ತುಂಬಿಡುತ್ತಿದ್ದ ಹಗೇವು ಮುಚ್ಚಿಹೋಗಿದೆ. ಕಣದ ನಡುವೆ ನಿಲ್ಲಿಸುತ್ತಿದ್ದ ಮೇಟಿ ಹೊರಟುಹೋಗಿ, ಮೇಟಿ ವಿದ್ಯೆ ಎಂಬ ಮಾತು ಮಾತ್ರ ಭಾಷಣಗಳಲ್ಲಿ ನಿಂತಿದೆ. ಅದೇ ರೋಣ ತಾಲೂಕಿನ ಜಕ್ಕಲಿಯವರಾದ ಏಕೀಕರಣದ ಹೋರಾಟಗಾರ ಅಂದಾನಪ್ಪ ದೊಡ್ಡಮೇಟಿಯವರ ಮನೆತನದ ಹೆಸರಿನಲ್ಲಿ ಆ ಶಬ್ದವನ್ನು ನಾವು ಇನ್ನೂ ಉಚ್ಚರಿಸುತ್ತೇವೆ. ‘ಕಣ’ದ ಗತಿಯಂತೂ ನಗು ತರಿಸುವಂಥದು. ಒಕ್ಕಲಿಗರು ಡಾಂಬರು ರಸ್ತೆಯ ಮೇಲೆ ಬೆಳೆ ಹರವತೊಡಗಿದ ಮೇಲೆ ಊರಿನ ಕಣಗಳು ಬಯಲಾದವು. ಪತ್ರಿಕೆಗಳಲ್ಲಿ ಚುನಾವಣೆಯ ಕಣ ಮಾತ್ರ ವರ್ಷವಿಡೀ ತುಂಬಿರುತ್ತದೆ! ಕಾಳು ತೂರಿ ಹೊಟ್ಟು ಬೇರೆ ಮಾಡುವುದನ್ನು ಕಂಡಿಲ್ಲದ ಓದುಗನಿಗೆ ಆ ರೂಪಕದ ರುಚಿ ಹೇಗೆ ಹತ್ತಬೇಕು?

ವಸ್ತು ಹೋದಮೇಲೆ ಶಬ್ದವೂ ಹೋಗುವುದು ಪ್ರಕೃತಿಧರ್ಮವೆಂದು ಕೆಲವರು ಹೇಳಿಯಾರು. ಟ್ರಿಬ್ಯುಲಮ್ಮಿನ ಹಲಗೆ ಹೋಗಿ ಎಷ್ಟೋ ಶತಮಾನಗಳಾದುವು, ಟ್ರಿಬ್ಯುಲೇಶನ್ ಉಳಿದಿದೆ. ಆ ಹಲಗೆಯ ಹೆಸರನ್ನು ಬರೆದಿಟ್ಟವರಿದ್ದರು, ಅದರಿಂದ ಹೊಸ ಅರ್ಥವನ್ನು ಕಡೆದವರಿದ್ದರು ಎಂಬುದೇ ಅದಕ್ಕೆ ಕಾರಣ. ಬರೆದಿಡದ ಶಬ್ದಕ್ಕೆ ಈ ಎರಡನೆಯ ಜನ್ಮವಿಲ್ಲ. ಪಿಶಾಚ ಶಬ್ದಕ್ಕೆ ನಿಘಂಟಿತ್ತು, ನಾಲಗೆಯಿರಲಿಲ್ಲ. ನಮ್ಮ ಹೊಲದ ಎಷ್ಟೋ ಶಬ್ದಗಳಿಗೆ ನಾಲಗೆಯಿದೆ, ನಿಘಂಟಿಲ್ಲ. ಆ ನಾಲಗೆಗಳಿಗೂ ಈಗ ಎಪ್ಪತ್ತು, ಎಂಬತ್ತರ ವಯಸ್ಸು.

ಹಿಂದಿನವರು ಕೈಕಟ್ಟಿ ಕೂತಿರಲಿಲ್ಲ. ಜರ್ಮನಿಯಿಂದ ಬಂದ ಫರ್ಡಿನಂಡ್ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಅದರಲ್ಲಿ ಪಂಪ ರನ್ನರ ಶಬ್ದಗಳ ಪಕ್ಕದಲ್ಲೇ ಜನರಾಡುವ ಗಾದೆಗಳಿಗೂ ಜಾಗ ದೊರಕಿತ್ತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ೧೯೭೦ರಿಂದ ೧೯೯೫ರವರೆಗೆ ಹೊರಬಂದು, ಶಾಸನ ಮತ್ತು ಗ್ರಂಥಗಳ ಪ್ರಯೋಗಗಳನ್ನು ಕೊಟ್ಟು ಶಬ್ದದ ಚರಿತ್ರೆಯನ್ನು ತೆರೆದು ತೋರಿಸಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ವೃತ್ತಿಪದಗಳತ್ತ ಗಮನ ಹರಿಸಿದೆ. ಇಷ್ಟಾದರೂ ಊರೂರಿನ ಬಾಯಿಮಾತನ್ನು ಊರಿನವರೇ ಕೂಡಿಸುವ ಕೆಲಸ ಉಳಿದೇ ಇದೆ. ಒಂದು ಸೀಮೆಯಲ್ಲಿ ಕಣಕಿ ಎಂದದ್ದನ್ನು ಇನ್ನೊಂದು ಸೀಮೆಯಲ್ಲಿ ಸೊಪ್ಪೆ ಎನ್ನುತ್ತಾರೆ. ಎರೆಗೆ ಒಂದು ಮಾತು, ಮಸಾರಿಗೆ ಇನ್ನೊಂದು. ಬೆಂಗಳೂರಿನ ಕೊಠಡಿಯಲ್ಲಿ ಕುಳಿತ ಸಂಪಾದಕನಿಗೆ ಇದು ಸಿಗಲಾರದು.

ಇಂಥ ಕೆಲಸಕ್ಕೆ ಆದರ್ಶ ಬೇಕಾದರೆ ಇಂಗ್ಲಂಡಿನಲ್ಲೇ ಒಂದುಂಟು. ೧೮೫೫ರಲ್ಲಿ ಯಾರ್ಕ್‌ಶೈರಿನಲ್ಲಿ ಹುಟ್ಟಿದ ಜೋಸೆಫ್ ರೈಟ್ ಆರನೆಯ ವಯಸ್ಸಿಗೆ ಕತ್ತೆಬಂಡಿ ಹೊಡೆದರು, ಏಳನೆಯ ವಯಸ್ಸಿಗೆ ಗಿರಣಿಯ ಕೂಲಿಯಾದರು. ಹದಿನೈದರವರೆಗೆ ಅವರಿಗೆ ಅಕ್ಷರ ಬರುತ್ತಿರಲಿಲ್ಲ; ೧೮೭೦ರ ಫ್ರಾನ್ಸ್-ಪ್ರಷ್ಯಾ ಯುದ್ಧದ ಸುದ್ದಿಯನ್ನು ಪತ್ರಿಕೆಯಲ್ಲಿ ತಾನೇ ಓದಬೇಕೆಂಬ ಹಟದಿಂದ ಕಲಿತರು. ಮುಂದೆ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾದ ಈ ಮನುಷ್ಯ ೧೮೯೮ರಿಂದ ೧೯೦೫ರವರೆಗೆ ಆರು ಸಂಪುಟಗಳಲ್ಲಿ ಇಂಗ್ಲಿಷಿನ ಉಪಭಾಷೆಗಳ ನಿಘಂಟನ್ನು ಹೊರತಂದರು. ಆ ಸಂಪುಟಗಳಲ್ಲಿರುವುದು ಒಕ್ಕಲಿಗರ, ಕುರಿಗಾರರ, ಕೂಲಿಕಾರರ ಮಾತು. ಅದನ್ನು ಕೂಡಿಸಲು ನೂರಾರು ಸಾಮಾನ್ಯ ಜನ ಚೀಟಿಗಳ ಮೇಲೆ ತಮ್ಮ ಊರಿನ ಶಬ್ದಗಳನ್ನು ಬರೆದು ಕಳಿಸಿದರು. ಆಕ್ಸ್‌ಫರ್ಡ್ ನಿಘಂಟು ಸಹ ಇದೇ ರೀತಿ, ೧೮೭೯ರಲ್ಲಿ ಸಂಪಾದಕ ಜೇಮ್ಸ್ ಮರೇ ಅವರು ಸಾರ್ವಜನಿಕರಿಗೆ ಮಾಡಿದ ಮನವಿಗೆ ಓಗೊಟ್ಟು ಬಂದ ಚೀಟಿಗಳ ರಾಶಿಯಿಂದ ಬೆಳೆದುದು. ಇಂದು ನಾವು ಅಂಜಿಕೆಯಿಂದ ನೋಡುವ ಆ ಮಹಾನಿಘಂಟಿನ ಮೂಲದಲ್ಲಿ ಶಾಲಾ ಶಿಕ್ಷಕರೂ ಪಾದ್ರಿಗಳೂ ಗೃಹಿಣಿಯರೂ ಇದ್ದಾರೆ.

ಆದುದರಿಂದ ಇದಕ್ಕೆ ಸರಕಾರದ ಆಜ್ಞೆಯನ್ನಾಗಲಿ ಅನುದಾನವನ್ನಾಗಲಿ ಕಾಯಬೇಕಾಗಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಊರುಗಳಲ್ಲಿ ಅಜ್ಜನೊಡನೆ ನಡೆಯುವ ಮೊಮ್ಮಕ್ಕಳು ಇನ್ನೂ ಇದ್ದಾರೆ. ಪ್ರೌಢಶಾಲೆಯ ಶಿಕ್ಷಕರು ಅಂಥ ದಿನ ಮಕ್ಕಳಿಗೆ ಹತ್ತು ಶಬ್ದ ಬರೆದುಕೊಂಡು ಬನ್ನಿರೆಂದು ಹೇಳಲಿ: ಶಬ್ದ, ಅದನ್ನು ಆಡಿದ ಹಿರಿಯರ ವಯಸ್ಸು, ಅವರು ಆಡಿದ ವಾಕ್ಯ. ಮರುದಿನ ಅದೇ ತರಗತಿಯಲ್ಲಿ ಇಂಗ್ಲಿಷ್ ಶಿಕ್ಷಕರು ಡಿಲಿರಿಯಮ್ಮನ್ನೂ ಬೂಸ್ಟ್ರೊಫೀಡನ್ನನ್ನೂ ಆ ಹತ್ತರ ಪಕ್ಕದಲ್ಲಿಟ್ಟು ವಿವರಿಸಲಿ. ಕಠಿಣ ಶಬ್ದಗಳ ಪಟ್ಟಿಯ ನಡುವಿನ ಗೀಟು ಆಗ ಹೊಲದ ಸಾಲಿನಂತೆ ಕಂಡೀತು. ಅದರ ಎರಡೂ ಬದಿಗೆ ಏನು ಬೆಳೆದಿದೆಯೆಂದು ಆ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಲಾರದು.